ಬೆಟ್ಟ, ಮಂಜು, ಬಾನು: ಪದರ ಗ್ಲೇಜ್‌ನ ಸ್ಟೋನ್‌ವೇರ್ ಮಗ್ ಮಾಡುವ ಸಮಗ್ರ ಮಾರ್ಗದರ್ಶಿ

ಬೆಳಗಿನ ಹೊತ್ತು ಸಾಲು ಬೆಟ್ಟ ನೋಡಿದವರಿಗೆ ಇದು ಗೊತ್ತಿರುತ್ತದೆ. ಹತ್ತಿರದ ಬೆಟ್ಟ ಕಪ್ಪಾಗಿ ಕಾಣುತ್ತದೆ. ಅದರ ಹಿಂದಿನದು ಸ್ವಲ್ಪ ನೀಲಿ. ಅದರ ಹಿಂದಿನದು ಇನ್ನೂ ತಿಳಿ. ಕೊನೆಯದು ಎಲ್ಲಿ ಮುಗಿದು ಬಾನು ಎಲ್ಲಿ ಶುರುವಾಯಿತು ಅಂತ ಹೇಳುವುದೇ ಕಷ್ಟ. ಆ ಬೆಟ್ಟಕ್ಕೆ ಯಾರೂ ನೀಲಿ ಬಳಿದಿಲ್ಲ. ನಡುವೆ ಇರುವ ಗಾಳಿ ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತದೆ. ದೂರ ಹೆಚ್ಚಿದಷ್ಟೂ ಗಾಳಿಯ ಪದರ ದಪ್ಪ.

ಗ್ಲೇಜ್, ಅಂದರೆ ಮಣ್ಣಿನ ಪಾತ್ರೆಯ ಮೇಲಿನ ಗಾಜಿನ ಲೇಪ, ಅದರ ಒಳಗೂ ಇಂಥದ್ದೇ ನಡೆಯುತ್ತದೆ. ಚೀನಾದ ಸಾಂಗ್ ಕಾಲದ (960–1279) ಜುನ್ ಪಾತ್ರೆಗಳ ತಿಳಿನೀಲಿಯನ್ನೇ ತೆಗೆದುಕೊಳ್ಳಿ. ಅದು ಕೋಬಾಲ್ಟ್ ಹಾಕಿ ತಂದ ಬಣ್ಣ ಅಲ್ಲ. ಕರಗಿದ ಗಾಜು ನಿಧಾನವಾಗಿ ತಣ್ಣಗಾಗುವಾಗ ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಬೇರ್ಪಡುತ್ತವೆ. ಅವು ಬೆಳಕನ್ನು ಚದುರಿಸುತ್ತವೆ. ಆ ನೀಲಿ ಮುಖ್ಯವಾಗಿ ಬರುವುದು ಅಲ್ಲಿಂದ.

ಇದು ತಿಳಿದ ಮೇಲೆ ನಾನು ಮಗ್ ಮೇಲೆ ಬ್ರಷ್ ಹಿಡಿದು ಬೆಟ್ಟ ಬರೆಯುವುದನ್ನು ಬಿಟ್ಟೆ. ಪದರ ಎಲ್ಲಿ ದಪ್ಪ, ಎಲ್ಲಿ ತೆಳು, ಯಾವುದರ ಮೇಲೆ ಯಾವುದು, ಇಷ್ಟನ್ನು ನಾವು ನೋಡಿಕೊಂಡರೆ ಬೆಂಕಿ ಉಳಿದದ್ದನ್ನು ಮಾಡುತ್ತದೆ. ಆ ಕೆಲಸವನ್ನು ಮಣ್ಣಿನಿಂದ ಹಿಡಿದು ಕೊನೆಯ ಪರೀಕ್ಷೆಯವರೆಗೆ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಎಲ್ಲ ಅಳತೆಯೂ ಕೋನ್ 6ರ (ಸುಮಾರು 1222 ಡಿಗ್ರಿ ಸೆಲ್ಸಿಯಸ್ ಶಾಖದ) ಎಲೆಕ್ಟ್ರಿಕ್ ಕಿಲ್ನ್‌ಗೆ, ಅಂದರೆ ಪಾತ್ರೆ ಸುಡುವ ಒಲೆಗೆ, ಹೊಂದುವಂಥದ್ದು.

ಮಣ್ಣು ಮತ್ತು ಅಳತೆ

ಸ್ಟೋನ್‌ವೇರ್ ಅಂದರೆ ಹೆಚ್ಚು ಶಾಖಕ್ಕೆ ಸುಟ್ಟಾಗ ಕಲ್ಲಿನಂತೆ ಗಟ್ಟಿಯಾಗುವ ಮಣ್ಣು. ಕೋನ್ 6ಕ್ಕೆ ಪೂರ್ತಿ ಬೇಯುವಂಥದ್ದನ್ನೇ ತೆಗೆದುಕೊಳ್ಳಿ. ಇನ್ನೂ ಹೆಚ್ಚು ಶಾಖ ಬೇಕಾಗುವ ಕೋನ್ 10ರ ಮಣ್ಣನ್ನು ಕೋನ್ 6ಕ್ಕೆ ಸುಟ್ಟರೆ ನೋಡಲು ಚೆನ್ನಾಗೇ ಇರುತ್ತದೆ. ಆದರೆ ಒಳಗೆ ಅರೆಬೆಂದಿರುತ್ತದೆ, ನೀರು ಹೀರುತ್ತದೆ. ಬಣ್ಣದ ವಿಷಯಕ್ಕೆ ಬಂದರೆ, ತಿಳಿ ಮಣ್ಣಿನ ಮೇಲೆ ಬಾನು ಮತ್ತು ನೀರು ಚೆನ್ನಾಗಿ ಬರುತ್ತವೆ. ಕಬ್ಬಿಣದಂಶ ಇರುವ ಕಂದು ಮಣ್ಣಿನ ಮೇಲೆ ಬಂಡೆ, ಒಣಹುಲ್ಲು, ಮಬ್ಬು ಬೆಟ್ಟ. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ತಿಳಿ ಮಣ್ಣು, ಏಕೆಂದರೆ ಗ್ಲೇಜ್ ಏನು ಮಾಡುತ್ತಿದೆ ಅಂತ ಅದರಲ್ಲಿ ಸರಿಯಾಗಿ ಕಾಣುತ್ತದೆ.

ಮಣ್ಣು ಒಣಗುವಾಗ, ಸುಡುವಾಗ ಕುಗ್ಗುತ್ತದೆ. ಒಟ್ಟು ಶೇ. 12 ಅಂತ ಇಟ್ಟುಕೊಳ್ಳೋಣ. ಕೊನೆಗೆ 10 ಸೆಂ.ಮೀ. ಎತ್ತರ ಬೇಕಿದ್ದರೆ 10ನ್ನು 0.88ರಿಂದ ಭಾಗಿಸಿ. ಹಸಿ ಮಗ್ ಸುಮಾರು 11.4 ಸೆಂ.ಮೀ. ಇರಬೇಕು. ಎತ್ತರ, ಅಗಲ ಎರಡೂ ಕುಗ್ಗುವುದರಿಂದ ಒಳಗೆ ಹಿಡಿಸುವ ಪ್ರಮಾಣ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಇಳಿಯುತ್ತದೆ. 350 ಮಿ.ಲೀ. ಮಗ್ ಬೇಕೆಂದರೆ ಹಸಿಯಲ್ಲಿ ಅದು ಅರ್ಧ ಲೀಟರ್‌ಗಿಂತ ತುಸು ಹೆಚ್ಚೇ ಹಿಡಿಸಬೇಕು. ಚಕ್ರದ ಮುಂದೆ ಕೂತಾಗ ಇದು ತೀರಾ ದೊಡ್ಡದಾಯಿತು ಅಲ್ವಾ ಅನಿಸುತ್ತದೆ. ಅನಿಸಲಿ, ಅಳತೆಯನ್ನೇ ನಂಬಿ.

ಮಗ್ ಎತ್ತುವುದು

450 ಗ್ರಾಂ ಮಣ್ಣನ್ನು ಗಾಳಿಗುಳ್ಳೆ ಇಲ್ಲದಂತೆ ಚೆನ್ನಾಗಿ ನಾದಿ ಚಕ್ರದ ನಡುವೆ ಕೂರಿಸಿ. ತಳ 6 ಮಿ.ಮೀ. ಉಳಿಸಿ ಬಾಯಿ ತೆರೆಯಿರಿ. ತಳವನ್ನು ಬೆರಳಿನಿಂದ ಎರಡು ಮೂರು ಸಲ ಒತ್ತಿ ಬಿಗಿ ಮಾಡಿ. ಇಲ್ಲದಿದ್ದರೆ ಒಣಗುವಾಗ ಅಲ್ಲಿ ಎಸ್ ಆಕಾರದ ಬಿರುಕು ಬರುತ್ತದೆ. ಗೋಡೆಯನ್ನು ಮೂರು ಎಳೆತದಲ್ಲಿ 4–5 ಮಿ.ಮೀ. ದಪ್ಪಕ್ಕೆ ತನ್ನಿ.

ಆಕಾರ ಸರಳವಾಗಿರಲಿ. ಸೊಂಟ, ಹೊಟ್ಟೆ, ಉಬ್ಬು ಅಂತ ಜಾಸ್ತಿ ಮಾಡಿದರೆ ಗ್ಲೇಜ್ ಅಲ್ಲಲ್ಲೇ ತಡೆದು ನಿಲ್ಲುತ್ತದೆ. ನೆಟ್ಟಗಿನ ಗೋಡೆಯ ಮೇಲೆ ಅದು ಒಂದೇ ಸಮನೆ ಇಳಿಯುತ್ತದೆ. ಕೆಳಗೆ ಮಾತ್ರ ಗೋಡೆಯನ್ನು ತುಸು ಒಳಕ್ಕೆ ತಿರುಗಿಸಿ. ಹರಿದು ಬಂದ ಗ್ಲೇಜ್ ನಿಲ್ಲಲು ಒಂದು ಅಂಚು ಸಿಗುತ್ತದೆ.

ಬಾಯಿಯ ಅಂಚಿಗೆ ಸಮಯ ಕೊಡಿ. ದಿನಾ ತುಟಿ ತಾಗುವ ಜಾಗ ಅದು. ಒದ್ದೆ ಚರ್ಮದ ಪಟ್ಟಿಯಿಂದ ಅಂಚನ್ನು ಮೆಲ್ಲಗೆ ಒತ್ತಿ ಗುಂಡಗೆ ಮಾಡಿ. ತೀರಾ ಚೂಪಾದರೆ ಗ್ಲೇಜ್ ಅಲ್ಲಿ ನಿಲ್ಲುವುದಿಲ್ಲ, ಬೇಗ ಚಕ್ಕೆಯೂ ಏಳುತ್ತದೆ.

ಚಕ್ರ ಇಲ್ಲದವರು 5–6 ಮಿ.ಮೀ. ದಪ್ಪದ ಹಾಳೆ ಲಟ್ಟಿಸಿ, ಕಾಗದ ಸುತ್ತಿದ ಕೊಳವೆಗೆ ಸುತ್ತಿ, ಅಂಚುಗಳಿಗೆ ಗೀರು ಹಾಕಿ ಮಣ್ಣಿನ ಗೋಡು (ನೀರಿನಲ್ಲಿ ಕಲಸಿದ ಅದೇ ಮಣ್ಣು) ಬಳಿದು ಸೇರಿಸಿದರೂ ಆಯಿತು.

ಮಣ್ಣು ಅರೆ ಒಣಗಿ, ಉಗುರು ಒತ್ತಿದರೆ ಗುರುತು ಬೀಳಬೇಕು ಆದರೆ ಆಕಾರ ಕೆಡಬಾರದು. ಆ ಹದಕ್ಕೆ ಬಂದಾಗ ತಳ ಕೆತ್ತಿ. ದಿಗಂತ ಎಲ್ಲಿ ಬೇಕೋ ಅಲ್ಲಿ ಒಂದು ಗೆರೆ ಹಾಕಬೇಕಿದ್ದರೆ ಇದೇ ಸಮಯ. ಮರದ ಕಡ್ಡಿಯಿಂದ ಒಂದು ಮಿ.ಮೀ. ಆಳದ, ಸ್ವಲ್ಪ ಏರಿಳಿಯುವ ಗೆರೆ ಸಾಕು. ಗ್ಲೇಜ್ ಗೆರೆಯೊಳಗೆ ತುಂಬಿ ದಪ್ಪವಾಗುತ್ತದೆ, ಗೆರೆಯ ಮೇಲಂಚಿನಲ್ಲಿ ತೆಳುವಾಗುತ್ತದೆ. ಸುಟ್ಟ ಮೇಲೆ ಬೆಟ್ಟದ ನೆತ್ತಿಯ ಮೇಲೆ ಬೆಳಕು ಬಿದ್ದಂತೆ ಕಾಣುತ್ತದೆ.

ಹಿಡಿ

ಮಗ್‌ನ ಹಿಡಿಗೆ 80–100 ಗ್ರಾಂ ಮಣ್ಣನ್ನು ಗಜ್ಜರಿ ಆಕಾರಕ್ಕೆ ತಂದು, ದಪ್ಪ ತುದಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಒದ್ದೆ ಕೈಯಿಂದ ಕೆಳಕ್ಕೆ ಎಳೆಯುತ್ತಾ ಬನ್ನಿ. ಪಟ್ಟಿಯಾದ ಮೇಲೆ ಬಾಗಿಸಿ, ಸ್ವಲ್ಪ ಗಟ್ಟಿಯಾಗಲು ಬಿಡಿ. ಸೇರುವ ಎರಡೂ ಜಾಗಕ್ಕೆ ಅಡ್ಡಡ್ಡ ಗೀರು ಹಾಕಿ, ಮಣ್ಣಿನ ಗೋಡು ಬಳಿದು, ಒಳಗಿನಿಂದ ಬೆರಳು ಆನಿಸಿ ಒತ್ತಿ. ಮೂರು ಬೆರಳು ಸಲೀಸಾಗಿ ತೂರಬೇಕು. ಅದೂ ಕುಗ್ಗುತ್ತದೆ ಅನ್ನುವುದು ನೆನಪಿರಲಿ.

ಹಿಡಿ ಮಗ್‌ಗಿಂತ ಬೇಗ ಒಣಗುತ್ತದೆ, ಸೇರುವ ಜಾಗದಲ್ಲಿ ಸೀಳುತ್ತದೆ. ಅದಕ್ಕೇ ಮೊದಲ ದಿನ ಪೂರ್ತಿ ಪ್ಲಾಸ್ಟಿಕ್ ಮುಚ್ಚಿಡಿ. ಆಮೇಲೆ ಸಡಿಲ ಮಾಡುತ್ತಾ ಬಂದು, ಒಟ್ಟು ಒಂದು ವಾರ ಒಣಗಿಸಿ.

ಮೊದಲ ಸುಡುವಿಕೆ

ಪೂರ್ತಿ ಒಣಗಿದ ಮಗ್ ಕೆನ್ನೆಗಿಟ್ಟರೆ ತಣ್ಣಗೆ ಅನಿಸುವುದಿಲ್ಲ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. 80–90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಬಿಟ್ಟು, ಆಮೇಲೆ ಗಂಟೆಗೆ 100 ಡಿಗ್ರಿಯಂತೆ ಏರಿಸಿ. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ ತಟ್ಟನೆ ಹಿಗ್ಗುತ್ತದೆ. ತಣಿಯುವಾಗ ಅಲ್ಲೇ ಮತ್ತೆ ಕುಗ್ಗುತ್ತದೆ. ಆ ಆಸುಪಾಸಿನಲ್ಲಿ ಅವಸರ ಬೇಡ. 1000 ಡಿಗ್ರಿಗೆ ನಿಲ್ಲಿಸಿ. ಈ ಹಂತದಲ್ಲಿ ಮಗ್ ಗಟ್ಟಿ, ಆದರೆ ನೀರು ಹೀರುವ ಗುಣ ಉಳಿದಿರುತ್ತದೆ. ಗ್ಲೇಜ್ ಅಂಟಲು ಅದೇ ಬೇಕು.

ಗ್ಲೇಜ್ ಬೆರೆಸುವುದು

ಗ್ಲೇಜ್ ಅಂದರೆ ಮಣ್ಣಿನ ಮೇಲೆ ಕರಗಿ ಕೂತ ಗಾಜು. ಅದರಲ್ಲಿ ಮೂರು ಕೆಲಸಗಾರರು. ಗಾಜಾಗುವ ಸಿಲಿಕಾ, ಹರಿದುಹೋಗದಂತೆ ಹಿಡಿದಿಡುವ ಅಲ್ಯುಮಿನಾ, ಕಡಿಮೆ ಶಾಖದಲ್ಲೇ ಕರಗುವಂತೆ ಮಾಡುವ ಫ್ಲಕ್ಸ್.

ಕೋನ್ 6ಕ್ಕೆ ಬಹಳ ಜನ ಬಳಸುವ ಒಂದು ಪಾರದರ್ಶಕ ಮೂಲ ಗ್ಲೇಜ್ ಇದೆ, ನೆನಪಿಡಲೂ ಸುಲಭ. ಪೊಟ್ಯಾಶ್ ಫೆಲ್ಡ್‌ಸ್ಪಾರ್, ಫ್ರಿಟ್ 3134 (ಮೊದಲೇ ಕರಗಿಸಿ ಪುಡಿ ಮಾಡಿದ ಗಾಜು), ವೊಲ್ಲಾಸ್ಟೊನೈಟ್ (ಕ್ಯಾಲ್ಸಿಯಂ ಇರುವ ಖನಿಜ), ಕೇಯೊಲಿನ್ (ಶುದ್ಧ ಬಿಳಿ ಜೇಡಿ), ಸಿಲಿಕಾ. ಐದೂ ತಲಾ 20 ಭಾಗ. ಕೆಲವು ಮಣ್ಣಿನ ಮೇಲೆ ಇದು ಕೂದಲೆಳೆ ಬಿರುಕು ಬಿಡುತ್ತದೆ. ಹಾಗಾದರೆ ಸಿಲಿಕಾವನ್ನು ಐದೈದು ಭಾಗ ಏರಿಸುತ್ತಾ ಪರೀಕ್ಷಿಸಿ. ಇದೊಂದು ಮೂಲದಿಂದಲೇ ನಾಲ್ಕು ಗ್ಲೇಜ್ ಮಾಡಿಕೊಳ್ಳಬಹುದು. ಒಣ ಪುಡಿಯ ನೂರು ಭಾಗಕ್ಕೆ ಸೇರಿಸಬೇಕಾದ್ದು ಇಷ್ಟು:

ಬಿಳಿ: ಜಿರ್ಕೋನಿಯಂ ಸಿಲಿಕೇಟ್ 10. ಮಂಜು, ಮೋಡ, ನೊರೆ. ಮಗ್ ಒಳಗಡೆಗೂ ಇದೇ.
ಕಡುಗಂದು: ಕೆಂಪು ಕಬ್ಬಿಣದ ಆಕ್ಸೈಡ್ 8ರಿಂದ 10. ಹತ್ತಿರದ ಬೆಟ್ಟ, ಬಂಡೆ.
ಕಲಕಲು ನೀಲಿ: ರೂಟೈಲ್ (ಟೈಟಾನಿಯಂ ಇರುವ ಖನಿಜ) 5, ಕೋಬಾಲ್ಟ್ ಕಾರ್ಬೊನೇಟ್ 0.5. ದೂರದ ಬೆಟ್ಟ, ನೀರು.
ಹಸಿರು: ತಾಮ್ರದ ಕಾರ್ಬೊನೇಟ್ 2. ಹುಲ್ಲು, ಪಾಚಿ. ಇದನ್ನು ಹೊರಗಡೆಗೆ ಮಾತ್ರ ಇಟ್ಟುಕೊಳ್ಳಿ.

ಕೋಬಾಲ್ಟ್ ವಿಷಯದಲ್ಲಿ ಕೈ ಬಿಗಿ ಇರಲಿ. ಅರ್ಧ ಭಾಗ ಜಾಸ್ತಿಯಾದರೂ ಬೆಟ್ಟದ ಮಬ್ಬು ನೀಲಿ ಹೋಗಿ ಶಾಯಿ ನೀಲಿ ಕೂರುತ್ತದೆ.

ಪುಡಿ ತೂಗುವಾಗ ಎನ್95 ಮಾಸ್ಕ್ ಹಾಕಿಕೊಳ್ಳಲೇಬೇಕು. ಸಿಲಿಕಾ ದೂಳು ವರ್ಷಗಟ್ಟಲೆ ಒಳಗೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆ ಅಲ್ಲ. ಕೆಲಸದ ಜಾಗವನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಸೀಸ, ಬೇರಿಯಂ, ಕ್ಯಾಡ್ಮಿಯಂ ಇರುವ ಸಾಮಗ್ರಿ ಕುಡಿಯುವ ಪಾತ್ರೆಗೆ ಬೇಡವೇ ಬೇಡ.

ಪುಡಿಯನ್ನು ನೀರಿಗೆ ಸುರಿದು, ರಾತ್ರಿ ನೆನೆಯಲು ಬಿಟ್ಟು, 80 ಮೆಷ್ (ಇಂಚಿಗೆ 80 ಕಣ್ಣಿನ) ಜರಡಿಯಲ್ಲಿ ಎರಡು ಸಲ ಸೋಸಿ. ಎಷ್ಟು ಗಟ್ಟಿ ಇರಬೇಕು ಅನ್ನುವುದನ್ನು ಕಣ್ಣಳತೆಗೆ ಬಿಡಬೇಡಿ. 100 ಮಿ.ಲೀ. ಗ್ಲೇಜ್ ತೂಗಿ ನೋಡಿ. ಪದರ ಹಾಕುವ ಕೆಲಸಕ್ಕೆ 140ರಿಂದ 145 ಗ್ರಾಂ ಇದ್ದರೆ ಸರಿ. ಈ ಒಂದು ಸಂಖ್ಯೆ ಬರೆದಿಡದೆ ಚೆಂದದ ಮಗ್ ಬಂದರೆ ಅದನ್ನು ಮತ್ತೊಮ್ಮೆ ಮಾಡುವುದು ಬಹಳ ಕಷ್ಟ.

ಬಿಲ್ಲೆ ಪರೀಕ್ಷೆ

ಮಗ್‌ಗೆ ಹಾಕುವ ಮೊದಲು ಗ್ಲೇಜ್‌ಗಳನ್ನು ಮಣ್ಣಿನ ಸಣ್ಣ ಬಿಲ್ಲೆಗಳ ಮೇಲೆ ಹಾಕಿ ಸುಟ್ಟು ನೋಡಬೇಕು. ಇದನ್ನು ದಯವಿಟ್ಟು ಬಿಡಬೇಡಿ. ನಾನೊಮ್ಮೆ ಬಿಟ್ಟಿದ್ದೆ. ಎರಡು ಗ್ಲೇಜ್, ಬೇರೆ ಬೇರೆಯಾಗಿ ಹಾಕಿದಾಗ ಎರಡೂ ಒಂದಿಷ್ಟೂ ಕದಲುತ್ತಿರಲಿಲ್ಲ. ಆ ಧೈರ್ಯದಲ್ಲಿ ಆರು ಮಗ್‌ಗಳಿಗೆ ಒಂದರ ಮೇಲೊಂದು ಹಾಕಿ ಸುಟ್ಟೆ. ಕಿಲ್ನ್ ತೆರೆದಾಗ ಆರೂ ಶೆಲ್ಫ್‌ಗೆ ಅಂಟಿಕೊಂಡಿದ್ದವು. ಉಳಿ ಹಾಕಿ ಬಿಡಿಸಬೇಕಾಯಿತು, ಒಂದೂ ಉಳಿಯಲಿಲ್ಲ. ಕಾರಣ ಇಷ್ಟೇ. ಎರಡು ಬೇರೆ ಗ್ಲೇಜ್ ಬೆರೆತಾಗ ಆ ಮಿಶ್ರಣ ಎರಡಕ್ಕಿಂತಲೂ ಕಡಿಮೆ ಶಾಖದಲ್ಲಿ ಕರಗಬಹುದು. ಮಂಜುಗಡ್ಡೆಗೆ ಉಪ್ಪು ಹಾಕಿದರೆ ಅದು ಬೇಗ ಕರಗುತ್ತದಲ್ಲ, ಹಾಗೆ.

ಅದೇ ಮಣ್ಣಿನಲ್ಲಿ 8–10 ಸೆಂ.ಮೀ. ಎತ್ತರದ, ನೆಟ್ಟಗೆ ನಿಲ್ಲುವ ಬಿಲ್ಲೆಗಳನ್ನು ಮಾಡಿ. ಮಲಗಿಸಿ ಸುಟ್ಟ ಬಿಲ್ಲೆ ಹರಿವನ್ನು ತೋರಿಸುವುದಿಲ್ಲ. ನಾಲ್ಕು ಗ್ಲೇಜ್ ಇದ್ದರೆ ಹದಿನಾರು ಬಿಲ್ಲೆ ಬೇಕು. ಬಿಳಿಯ ಮೇಲೆ ಕಂದು, ಕಂದಿನ ಮೇಲೆ ಬಿಳಿ, ಹೀಗೆ ಎರಡೂ ಕ್ರಮದಲ್ಲಿ, ಜೊತೆಗೆ ಪ್ರತಿ ಗ್ಲೇಜ್ ತನ್ನದೇ ಮೇಲೆ. ಕ್ರಮ ಬದಲಾದರೆ ಬಣ್ಣವೇ ಬೇರೆ. ಪ್ರತಿ ಬಿಲ್ಲೆಯ ಹಿಂದೆ ಕಬ್ಬಿಣದ ಆಕ್ಸೈಡ್‌ನಿಂದ ಸಂಖ್ಯೆ ಬರೆಯಿರಿ. ಎರಡನೇ ಗ್ಲೇಜನ್ನು ಬಿಲ್ಲೆಯ ಮೇಲರ್ಧಕ್ಕೆ ಮಾತ್ರ ಅದ್ದಿ. ಸುಟ್ಟ ಮೇಲೆ ಆ ಗೆರೆ ಎಷ್ಟು ಮಿ.ಮೀ. ಇಳಿದಿದೆ ಅಂತ ಅಳೆಯಿರಿ. ನಿಮ್ಮ ಮಗ್ ಮೇಲೆ ದಿಗಂತ ಎಲ್ಲಿ ಕೂರಬೇಕು ಅನ್ನುವ ಲೆಕ್ಕ ಅದರಿಂದ ಸಿಗುತ್ತದೆ.

ಪದರ ಹಾಕುವುದು

ಮೊದಲು ಮಗ್ಗನ್ನು ಒದ್ದೆ ಸ್ಪಂಜಿನಿಂದ ಒರೆಸಿ ದೂಳು ತೆಗೆಯಿರಿ. ದೂಳು, ಕೈಯ ಜಿಡ್ಡು ಇದ್ದಲ್ಲಿ ಗ್ಲೇಜ್ ಕರಗುವಾಗ ಸುರುಟಿಕೊಂಡು ಮಣ್ಣು ಬಿಟ್ಟು ಸರಿಯುತ್ತದೆ. ತಳಕ್ಕೆ, ತಳದಿಂದ 6 ಮಿ.ಮೀ. ಮೇಲಿನವರೆಗೂ ಮೇಣ ಹಚ್ಚಿ.

ಒಳಗಡೆ ಮೊದಲು. ಬಿಳಿ ಗ್ಲೇಜನ್ನು ಅರ್ಧ ಸುರಿದು, ಮಗ್ ತಿರುಗಿಸುತ್ತಾ ಒಂದೇ ಸಲಕ್ಕೆ ಹೊರಚೆಲ್ಲಿ. ಒಟ್ಟು ಮೂರು ನಾಲ್ಕು ಸೆಕೆಂಡಿನ ಕೆಲಸ. ಈಗ ಗೋಡೆ ನೀರು ಹೀರಿಕೊಂಡಿರುತ್ತದೆ. ಕೂಡಲೇ ಹೊರಗೆ ಹಾಕಿದರೆ ಗ್ಲೇಜ್ ಹಿಡಿಯುವುದಿಲ್ಲ. ಕೆಲವು ಗಂಟೆ, ಸಾಧ್ಯವಾದರೆ ಒಂದು ರಾತ್ರಿ ಬಿಡಿ.

ಮಂಜಿನ ಬೆಟ್ಟದ ಸಾಲನ್ನು ನಾನು ಮಾಡುವ ಕ್ರಮ ಹೀಗೆ. ಮಗ್ಗನ್ನು ತಲೆಕೆಳಗಾಗಿ, ತಳದಲ್ಲಿ ಬೆರಳ ತುದಿಯಿಂದ ಗಟ್ಟಿಯಾಗಿ ಹಿಡಿದು, ನೆಟ್ಟಗೆ ಕಡುಗಂದಿನಲ್ಲಿ ಮುಳುಗಿಸಿ. ಒಳಗೆ ಸಿಕ್ಕಿಬಿದ್ದ ಗಾಳಿ ಒಳಗಿನ ಬಿಳಿಯನ್ನು ಕಾಯುತ್ತದೆ. ಎರಡು ಸೆಕೆಂಡ್ ಎಣಿಸಿ ಮೇಲೆತ್ತಿ. ಹನಿ ಬೀಳುವುದು ನಿಲ್ಲುವವರೆಗೆ ಹಾಗೇ ಹಿಡಿದಿರಿ.

ಎರಡನೇ ಪದರಕ್ಕೆ ಯಾವಾಗ ಕೈಹಾಕಬೇಕು ಅನ್ನುವುದನ್ನು ಮೇಲ್ಮೈಯೇ ಹೇಳುತ್ತದೆ. ಒದ್ದೆ ಹೊಳಪು ಹೋಗಿ ಮಂಕಾಗಬೇಕು, ಬೆರಳಿಗೆ ಅಂಟಬಾರದು. ಅದಕ್ಕೂ ಮುಂಚೆ ಅದ್ದಿದರೆ ಮೊದಲ ಪದರ ಜಾರುತ್ತದೆ. ಮರುದಿನದವರೆಗೆ ಬಿಟ್ಟರೆ ಹೊಸ ನೀರಿಗೆ ಒಣ ಪದರ ಗುಳ್ಳೆ ಏಳುತ್ತದೆ.

ಈಗ ಬಿಳಿ. ಮಗ್ಗನ್ನು ತಲೆಕೆಳಗಾಗಿಯೇ ಹಿಡಿದು ಸುಮಾರು 20 ಡಿಗ್ರಿ ಒಂದು ಕಡೆಗೆ ವಾಲಿಸಿ, ಅರ್ಧದವರೆಗೆ ಅದ್ದಿ ತೆಗೆಯಿರಿ. ಒಂದು ಇಳಿಜಾರು ಬಂತು. ಬಾಯಿಯ ಅಂಚು ಪೂರ್ತಿ ಮುಳುಗಿರಲಿ. ಜಾಸ್ತಿ ವಾಲಿಸಿದರೆ ಒಳಗಿನ ಗಾಳಿ ಗುಳುಗುಳು ಅಂತ ಹೊರಬಂದು ಆ ಜಾಗಕ್ಕೆ ಗ್ಲೇಜ್ ನುಗ್ಗುತ್ತದೆ. ಹೊಳಪು ಹೋದ ಮೇಲೆ ಮಗ್ಗನ್ನು ಇನ್ನೊಂದು ಕಡೆಗೆ ವಾಲಿಸಿ, ಈ ಸಲ ಕಾಲು ಭಾಗದವರೆಗೆ ಮಾತ್ರ, ಅದೇ ಬಿಳಿಯಲ್ಲಿ ಮತ್ತೊಮ್ಮೆ ಅದ್ದಿ. ಎರಡು ಇಳಿಜಾರು ಒಂದನ್ನೊಂದು ದಾಟಿದವು. ಬಿಳಿ ಮುಟ್ಟದ ಕೆಳಭಾಗ ಹತ್ತಿರದ ಕಪ್ಪು ಬೆಟ್ಟ. ಒಂದು ಸಲ ಬಿಳಿ ಬಿದ್ದ ಜಾಗ ಅದರ ಹಿಂದಿನದು. ಎರಡು ಸಲ ಬಿದ್ದ ಜಾಗ ಮಂಜಿನಲ್ಲಿ ಮುಳುಗಿದ್ದು. ಎರಡೇ ಗ್ಲೇಜ್‌ನಲ್ಲಿ ಮೂರು ದೂರ ಸಿಕ್ಕಿತು, ಅಲ್ವಾ? ಬೆಟ್ಟಕ್ಕೂ ನಮಗೂ ನಡುವೆ ಗಾಳಿ ಮಾಡುವ ಕೆಲಸವನ್ನೇ ಇಲ್ಲಿ ಬಿಳಿ ಮಾಡುತ್ತದೆ.

ಬಾನಿಗೆ ನೀಲಿ ಛಾಯೆ ಬೇಕಿದ್ದರೆ ಬಾಯಿಯಿಂದ 1.5 ಸೆಂ.ಮೀ. ಮಾತ್ರ ಕಲಕಲು ನೀಲಿಯಲ್ಲಿ ಒಂದು ಸೆಕೆಂಡ್ ಮುಟ್ಟಿಸಿ. ಅಂಚಿನಿಂದ ಗ್ಲೇಜ್ ಕೆಳಗೆ ಹರಿದು ಅಲ್ಲಿ ತೆಳುವಾಗುತ್ತದೆ. ಇಳಿದ ನೀಲಿ ಬಿಳಿಯೊಳಗೆ ಗೆರೆ ಗೆರೆಯಾಗಿ ಸೇರುತ್ತದೆ. ದೂರದ ಮಳೆ ಹೀಗೇ ಕಾಣುತ್ತದೆ.

ಕಡಲತೀರಕ್ಕೆ ಕ್ರಮ ಬೇರೆ. ಕೆಳಗಿನ 2 ಸೆಂ.ಮೀ. ಮಣ್ಣನ್ನು ಮೇಣ ಹಚ್ಚಿ ಬರಿದಾಗಿಯೇ ಬಿಡಿ, ಅದೇ ಮರಳು. ಮೇಣದ ಅಂಚನ್ನು ಅಲೆಯಂತೆ ಅಂಕುಡೊಂಕಾಗಿ ಎಳೆಯಿರಿ. ಬಿಳಿ ಒಂದು ಪದರ, ಅದರ ಮೇಲೆ ಒಂದು ಸೆಂ.ಮೀ. ಬಿಟ್ಟು ನೀಲಿ. ನೀಲಿ ಇಳಿದು ಬಿಳಿಯನ್ನು ತಿನ್ನುತ್ತಾ ಬಂದು ಕೊನೆಗೆ ಒಂದು ತೆಳು ನೊರೆಯ ಗೆರೆ ಉಳಿಸುತ್ತದೆ.

ಯಾವುದೇ ಚಿತ್ರವಿರಲಿ, ಕೆಳಗಿನ ಮೂರನೇ ಒಂದು ಭಾಗಕ್ಕೆ ಒಂದೇ ಪದರ. ಪದರಗಳು ಸೇರುವಲ್ಲಿ ಒಟ್ಟು ದಪ್ಪ 2 ಮಿ.ಮೀ. ದಾಟಬಾರದು. ಸೂಜಿಯಿಂದ ಚುಚ್ಚಿ ನೋಡಿದರೆ ದಪ್ಪ ಗೊತ್ತಾಗುತ್ತದೆ. ಆ ತೂತನ್ನು ಬೆರಳಿನಿಂದ ಉಜ್ಜಿ ಮುಚ್ಚಿ. ಹಿಡಿ ಗೋಡೆಗೆ ಸೇರುವ ಮೂಲೆಯನ್ನೂ ನೋಡಿ, ಅಲ್ಲಿ ಗ್ಲೇಜ್ ಮಡುಗಟ್ಟಿರುತ್ತದೆ. ಒಣ ಬ್ರಷ್‌ನಿಂದ ಎತ್ತಿ. ಕೊನೆಗೆ ತಳವನ್ನು ಮತ್ತೊಮ್ಮೆ ಒದ್ದೆ ಸ್ಪಂಜಿನಿಂದ ಶುದ್ಧವಾಗಿ ಒರೆಸಿ.

ಎರಡನೇ ಸುಡುವಿಕೆ

ಪ್ರತಿ ಮಗ್ ಕೆಳಗೆ ಅದೇ ಮಣ್ಣಿನ, ಮೊದಲೇ ಒಮ್ಮೆ ಸುಟ್ಟ ತೆಳು ಬಿಲ್ಲೆ ಇಡಿ. ಅದಕ್ಕೆ ಅಲ್ಯುಮಿನಾ ಹೈಡ್ರೇಟ್ ಮತ್ತು ಕೇಯೊಲಿನ್ ಸಮಸಮ ಬೆರೆಸಿದ ನೀರು ಬಳಿದಿರಲಿ. ಹರಿದರೂ ಶೆಲ್ಫ್ ಉಳಿಯುತ್ತದೆ.

ಗಂಟೆಗೆ 100 ಡಿಗ್ರಿಯಂತೆ 120ರವರೆಗೆ, ಆಮೇಲೆ ಗಂಟೆಗೆ 200ರಂತೆ 1100ರವರೆಗೆ, ಕೊನೆಗೆ ಗಂಟೆಗೆ 60ರಂತೆ 1222 ಡಿಗ್ರಿಗೆ. ಅಲ್ಲಿ 10 ನಿಮಿಷ ನಿಲ್ಲಿಸಿ, ಗುಳ್ಳೆಗಳು ಒಡೆದು ಸಮವಾಗಲಿ. ಮೀಟರ್ ತೋರಿಸುವ ಸಂಖ್ಯೆಯನ್ನು ಮಾತ್ರ ನಂಬಬೇಡಿ. ಗ್ಲೇಜ್ ಬೇಯುವುದು ಶಾಖ ಮತ್ತು ಸಮಯ ಎರಡೂ ಸೇರಿ. ಜರ್ಮನಿಯ ರಸಾಯನ ತಜ್ಞ ಹರ್ಮನ್ ಸೇಗರ್ 1886ರಲ್ಲಿ ಕೋನ್‌ಗಳನ್ನು, ಅಂದರೆ ಗೊತ್ತಾದ ಶಾಖಕ್ಕೆ ಮೆತ್ತಗಾಗಿ ಬಾಗುವ ಸಣ್ಣ ಚೂಪು ತುಂಡುಗಳನ್ನು, ರೂಪಿಸಿದ್ದು ಅದನ್ನು ಅಳೆಯುವುದಕ್ಕೇ. ಶೆಲ್ಫ್ ಮೇಲೆ 5, 6, 7ರ ಕೋನ್‌ಗಳನ್ನು ಪಕ್ಕಪಕ್ಕ ನಿಲ್ಲಿಸಿ. 5 ಪೂರ್ತಿ ಮಲಗಿ, 6 ಬಾಗಿ ತುದಿ ಮುಟ್ಟಿ, 7 ಹೆಚ್ಚುಕಡಿಮೆ ನೆಟ್ಟಗಿದ್ದರೆ ಸರಿಯಾಗಿ ಬೆಂದಿದೆ.

ತಣಿಸುವುದರಲ್ಲೇ ಈ ಕೆಲಸದ ಅರ್ಧ ಸೊಗಸು ಇದೆ. 1000 ಡಿಗ್ರಿಯಿಂದ 800ರವರೆಗೆ ಗಂಟೆಗೆ 60–80 ಡಿಗ್ರಿಯಂತೆ ಇಳಿಸಿ. ರೂಟೈಲ್, ಕಬ್ಬಿಣ ಇರುವ ಗ್ಲೇಜ್‌ಗಳಲ್ಲಿ ಸಣ್ಣ ಹರಳುಗಳು ಬೆಳೆಯಲು ಸಮಯ ಸಿಗುತ್ತದೆ. ಬೇಗ ತಣಿಸಿದ ಕಂದು ಹೊಳೆಯುವ ಗಾಜು. ನಿಧಾನಕ್ಕೆ ತಣಿಸಿದ ಕಂದು ಒದ್ದೆ ಮಣ್ಣಿನ ಮಂಕು ಬಣ್ಣ. ಆಮೇಲೆ ಕಿಲ್ನ್ ತಾನಾಗಿಯೇ ತಣಿಯಲಿ. 100 ಡಿಗ್ರಿಗಿಂತ ಕೆಳಗೆ ಬರುವವರೆಗೆ ಮುಚ್ಚಳ ಮುಟ್ಟಬೇಡಿ.

ಹೊರತೆಗೆದ ಮೇಲೆ

ತಳವನ್ನು ವಜ್ರದ ಪುಡಿಯ ಪ್ಯಾಡ್‌ನಿಂದ ನೀರು ಹಾಕಿ ಉಜ್ಜಿ ನಯ ಮಾಡಿ. ಆಮೇಲೆ ಮಗ್ಗನ್ನು ಕಿಟಕಿ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ. ಸೂಜಿಮೊನೆ ತೂತುಗಳಿದ್ದರೆ ಮುಂದಿನ ಸಲ ಮೊದಲ ಸುಡುವಿಕೆಯನ್ನು ನಿಧಾನ ಮಾಡಿ, ಮೇಲೆ ನಿಲ್ಲಿಸುವ ಸಮಯ ಹೆಚ್ಚಿಸಿ. ಗ್ಲೇಜ್ ಸುರುಟಿ ಮಣ್ಣು ಕಂಡರೆ ಪದರ ದಪ್ಪವಾಗಿತ್ತು ಅಥವಾ ದೂಳಿತ್ತು. ಕೂದಲೆಳೆ ಬಿರುಕು ಬಂದರೆ ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗುತ್ತಿದೆ, ಸಿಲಿಕಾ ಏರಿಸಿ. ಅಂಚಿನಲ್ಲಿ ಗ್ಲೇಜ್ ಚಕ್ಕೆ ಏಳುತ್ತಿದ್ದರೆ ಇದರ ಉಲ್ಟಾ. ಚಕ್ಕೆ ಏಳುವ ಮಗ್ಗನ್ನು ಯಾರಿಗೂ ಕೊಡಬೇಡಿ, ಬಾಯಿಗೆ ಗಾಜಿನ ಚೂರು ಹೋಗುತ್ತದೆ.

ಬಳಕೆಗೆ ಮೊದಲು ಮೂರು ಪರೀಕ್ಷೆ ಮಾಡಿ. ಒಂದು, ಮಗ್ ಒಳಗೆ, ಬಾಯಂಚಿನ ಗ್ಲೇಜ್ ಹಾಕಿದ ಬಿಲ್ಲೆಯ ಮೇಲೂ, ನಿಂಬೆ ಹೋಳು ಇಟ್ಟು ಒಂದು ರಾತ್ರಿ ಬಿಡಿ. ಆ ಜಾಗದ ಬಣ್ಣ ಅಥವಾ ಹೊಳಪು ಬದಲಾಗಿದ್ದರೆ ಆ ಗ್ಲೇಜ್ ಹುಳಿಗೆ ತಡೆಯುವುದಿಲ್ಲ, ಅದನ್ನು ಬಾಯಿ ಮುಟ್ಟುವ ಕಡೆ ಹಾಕಬೇಡಿ. ಬದಲಾಗದಿದ್ದರೆ ಒಳ್ಳೆಯದೇ, ಆದರೆ ಮಾರುವವರು ಪ್ರಯೋಗಾಲಯದಲ್ಲೂ ಪರೀಕ್ಷೆ ಮಾಡಿಸಬೇಕು. ಎರಡು, ಕುದಿನೀರು ತುಂಬಿ ಕೆಲವು ನಿಮಿಷ ಬಿಟ್ಟು ಚೆಲ್ಲಿ, ಕೂಡಲೇ ಮಂಜುಗಡ್ಡೆ ನೀರಿಗೆ ಇಳಿಸಿ. ಎರಡು ಮೂರು ಸಲ ಹೀಗೆ ಮಾಡಿ ಶಾಯಿ ಸವರಿ ಒರೆಸಿದರೆ ಅಡಗಿದ ಬಿರುಕು ಕಾಣುತ್ತದೆ.

ಮೂರನೆಯದು ಮಣ್ಣಿನದ್ದು. ಗ್ಲೇಜ್ ಇಲ್ಲದೆ ಕೋನ್ 6ಕ್ಕೆ ಸುಟ್ಟ ಬಿಲ್ಲೆಯನ್ನು ತೂಗಿ, 5 ಗಂಟೆ ಕುದಿಸಿ, ಅದೇ ನೀರಿನಲ್ಲಿ ಒಂದು ದಿನ ಬಿಟ್ಟು, ಒರೆಸಿ ಮತ್ತೆ ತೂಗಿ. ತೂಕ ಶೇ. 1ರೊಳಗೆ ಹೆಚ್ಚಿದರೆ ಬಹಳ ಒಳ್ಳೆಯ ಮಣ್ಣು. ಶೇ. 2 ದಾಟಿದರೆ ತಳದಲ್ಲಿ ನೀರು ಜಿನುಗಬಹುದು, ಮೈಕ್ರೋವೇವ್‌ನಲ್ಲಿಟ್ಟಾಗ ಹಿಡಿ ಕೈ ಸುಡುವಷ್ಟು ಬಿಸಿಯಾಗಬಹುದು. ಆಗ ಮಣ್ಣು ಬದಲಿಸಿ. ಗ್ಲೇಜ್ ಬಿಲ್ಲೆಗಳನ್ನೂ ಹೊಸ ಮಣ್ಣಿನಲ್ಲಿ ಮೊದಲಿನಿಂದ ಮಾಡಬೇಕಾಗುತ್ತದೆ.